ಕೊಳವೂ ಬೇಲಿಯೂ: ನಮ್ಮ ಶಾಲಾ ತೋಟದಲ್ಲಿ ಕಲಿತ ಒಂದು ಪಾಠ



ಈ ಶಾಲೆಯಲ್ಲಿ ಓದಿ ಹೋದವರಿಗೆ ಕೆಳಗಣ ತೋಟದ ನೆನಪು ಇರದೆ ಹೋಗಲಾರದು. ಹೊಲಿಗೆಯ ಕೋಣೆಯ ಹಿಂದಿನ ಮೆಟ್ಟಲುಗಳನ್ನು ಇಳಿದರೆ, ಹಲಸಿನ ಮರದ ಆಚೆಗೆ, ಮುರಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿಯೊಂದು ಇತ್ತಷ್ಟೆ. ಮಳೆಗಾಲದಲ್ಲಿ ನೀರು ನಿಂತು ಬೇಸಗೆಯಲ್ಲಿ ಕಸ ತುಂಬುತ್ತಿದ್ದ ಆ ಗುಂಡಿಯನ್ನು ಏಳು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯರು ಶುದ್ಧಮಾಡಿ ಒಂದು ಚಿಕ್ಕ ಕೊಳವನ್ನಾಗಿ ಮಾರ್ಪಡಿಸಿದರು. ಅದರ ಉದ್ದ ಇಪ್ಪತ್ತು ಅಡಿ, ಅಗಲ ಹನ್ನೆರಡು ಅಡಿ, ನಡುವಿನ ಆಳ ಮೂರು ಅಡಿ. ಅದರಲ್ಲಿ ನೈದಿಲೆಯ ಗಡ್ಡೆಗಳನ್ನು ನೆಟ್ಟು, ನಲುವತ್ತು ಗೆಂಡೆಮೀನಿನ ಮರಿಗಳನ್ನು ಬಿಟ್ಟೆವು. ಜೀವಶಾಸ್ತ್ರದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕವು ಬೇರೊಂದಿಲ್ಲವೆಂದು ನಾನು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ್ದೂ ಉಂಟು.

ಆ ಪುಸ್ತಕದಿಂದ ಮೊದಲು ಪಾಠ ಕಲಿಯಬೇಕಾದವಳು ನಾನೇ ಎಂಬದು ಆಗ ನನಗೆ ತಿಳಿದಿರಲಿಲ್ಲ. ಸಂಚಿಕೆಯ ಸಂಪಾದಕಿಯರು ನನ್ನಿಂದ ಒಂದು ಲೇಖನವನ್ನು ಕೇಳಿದಾಗ, ಇದನ್ನೇ ಬರೆಯುವದು ಯುಕ್ತವೆಂದು ತೋಚಿತು. ಯಾಕಂದರೆ ನಿಮ್ಮಲ್ಲಿ ಅನೇಕರ ಹಿತ್ತಲಲ್ಲಿ ಇಂದು ಕೊಳವೋ ತೋಟದ ಕೆರೆಯೋ ಕೃಷಿಹೊಂಡವೋ ಇದೆ; ಅದಕ್ಕೆ ಬೇಲಿಯನ್ನು ಹೇಗೆ ಹಾಕಬೇಕೆಂಬ ಪ್ರಶ್ನೆಯು ಒಂದಲ್ಲ ಒಂದು ದಿನ ನಿಮಗೂ ಬರುವದು.

ಮೊದಲನೆಯ ತಪ್ಪು

ಮೀನು ಬಿಟ್ಟ ಐದನೆಯ ತಿಂಗಳಿಗೆ ಕೊಳದಲ್ಲಿ ಮೀನಿನ ಸಂಖ್ಯೆ ಕಡಮೆಯಾಗತೊಡಗಿತು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ನೈದಿಲೆಯ ದಂಟುಗಳು ಮುರಿದಿದ್ದವು, ನೀರು ಕದಡಿತ್ತು, ಮೀನು ಏಳೆಂಟಕ್ಕಿಂತ ಹೆಚ್ಚು ಕಾಣಲಿಲ್ಲ. ಹಿತ್ತಲ ಬಾಗಿಲಿನಿಂದ ಹಾದು ತಮ್ಮ ಶಾಲೆಗೆ ಹೋಗುತ್ತಿದ್ದ ಕೇರಿಯ ಹುಡುಗರ ಮೇಲೆ ನನ್ನ ಸಂಶಯವು ಹೋಯಿತು. ಅವರಲ್ಲೊಬ್ಬನ ಕೈಯಲ್ಲಿ ಹಿಂದೊಮ್ಮೆ ಗಾಳದ ಕೋಲನ್ನು ಕಂಡಿದ್ದೆನು. ಅದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನಲ್ಲಿರಲಿಲ್ಲ. ಆದರೂ ಹಿತ್ತಲ ಬಾಗಿಲಿಗೆ ಬೀಗ ಹಾಕಿಸಿದೆನು. ಆ ಮಕ್ಕಳು ಮೂರು ವಾರಗಳ ತನಕ ಸುತ್ತುದಾರಿಯಲ್ಲಿ, ಬಸ್ಸು ಲಾರಿಗಳು ಓಡಾಡುವ ರಸ್ತೆಯಲ್ಲಿ ನಡೆದುಹೋದರು.

ಮೀನು ಮಾತ್ರ ಕಡಮೆಯಾಗುತ್ತಲೇ ಇತ್ತು. ಕೊನೆಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ರಾತ್ರಿ ಬರುವವರ ಹೆಜ್ಜೆ ನೋಡೋಣವೇ?" ಎಂದು ಕೇಳಿದಳು. ಇಷ್ಟು ಸುಲಭವಾದ ಉಪಾಯವು ತರಬೇತಿ ಹೊಂದಿದ ಉಪಾಧ್ಯಾಯಿನಿಯಾದ ನನಗೆ ಹೊಳೆಯದೆ ಹೋದದ್ದಕ್ಕಾಗಿ ಈಗಲೂ ನಾಚುತ್ತೇನೆ. ಕೊಳದ ಸುತ್ತ ಎರಡಡಿ ಅಗಲಕ್ಕೆ ನುಣ್ಣನೆಯ ಹೊಯಿಗೆಯನ್ನು ಹರಡಿ, ನೀರು ಚಿಮುಕಿಸಿ, ಹಲಗೆಯಿಂದ ಸಮಮಾಡಿದೆವು. ಮರುದಿನ ಬೆಳಿಗ್ಗೆ ಅದರ ಮೇಲೆ ಐದೈದು ಬೆರಳುಗಳ, ಬೆರಳುಗಳ ನಡುವೆ ಜಾಲಪೊರೆಯ ಗುರುತಿದ್ದ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದವು. ಹತ್ತಿರದ ಕಲ್ಲಿನ ಮೇಲೆ ಮೀನಿನ ಪೊರೆಯೂ ಮುಳ್ಳೂ ತುಂಬಿದ, ನಾರುವ ಹಿಕ್ಕೆಯಿತ್ತು. ಬಂದದ್ದು ನೀರುನಾಯಿ! ತೋಟದ ಕೆಳಗಿನ ತೋಡಿನ ದಾರಿಯಾಗಿ ಹೊಳೆಯಿಂದ ಬಂದು, ಹೊಟ್ಟೆ ತುಂಬಿಸಿಕೊಂಡು, ಬಂದ ದಾರಿಯಲ್ಲಿಯೇ ಅದು ಹಿಂದಿರುಗುತ್ತಿತ್ತು.

ಆ ದಿನವೇ ಹಿತ್ತಲ ಬಾಗಿಲನ್ನು ತೆರೆಸಿ, ಆ ಹುಡುಗರನ್ನು ಕರೆದು, ನನ್ನಿಂದ ತಪ್ಪಾಯಿತೆಂದು ಹೇಳಿದೆನು. ಅವರು ಹೊಯಿಗೆಯ ಮೇಲಿನ ಹೆಜ್ಜೆಗಳನ್ನು ನೋಡಿ ಸಂತೋಷಪಟ್ಟರಲ್ಲದೆ ನನ್ನ ಮೇಲೆ ಸಿಟ್ಟುಗೊಳ್ಳಲಿಲ್ಲ.

ಎರಡನೆಯ ತಪ್ಪು

ಕಳ್ಳನ ಗುರುತು ಸಿಕ್ಕಿತೆಂದು ಮತ್ತೆ ಅವಸರಪಟ್ಟೆನು. ಪೇಟೆಯಿಂದ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ತರಿಸಿ, ಗೂಟಗಳಿಗೆ ಕಟ್ಟಿಸಿ, ಅದರ ಅಂಚನ್ನು ನೆಲದ ಮೇಲೆ ಸಡಿಲವಾಗಿ ಬಿಡಿಸಿದೆನು. ಹಣವೂ ಕಡಮೆ, ಕೆಲಸವೂ ಒಂದೇ ದಿನದ್ದು. ನಾಲ್ಕನೆಯ ಬೆಳಿಗ್ಗೆ ಆ ಬಲೆಯಲ್ಲಿ ಆರಡಿ ಉದ್ದದ ಕೇರೆಹಾವು ಸಿಕ್ಕಿಬಿದ್ದಿತ್ತು. ಹಾವಿನ ಹುರುಪೆಗಳು ಹಿಮ್ಮುಖವಾಗಿ ಒಂದರ ಮೇಲೊಂದು ಹೊದ್ದಿರುವದರಿಂದ, ಬಲೆಯ ಕಣ್ಣಿನೊಳಗೆ ಒಮ್ಮೆ ನುಗ್ಗಿದರೆ ಅದಕ್ಕೆ ಹಿಂದೆ ಸರಿಯಲಾಗುವದಿಲ್ಲ. ಮುಂದೆ ಒತ್ತಿದಷ್ಟೂ ನೂಲು ಮೈಯನ್ನು ಕೊರೆಯುವದು. ತೋಟಗಾರನು ಕತ್ತರಿಯಿಂದ ಎಳೆಯೆಳೆಯಾಗಿ ಕತ್ತರಿಸಿ ಬಿಡಿಸಿದನಾದರೂ ಮಧ್ಯಾಹ್ನದೊಳಗೆ ಅದು ಸತ್ತುಹೋಯಿತು. ಕೇರೆಹಾವಿಗೆ ವಿಷವಿಲ್ಲ, ಅದು ಇಲಿಗಳನ್ನು ತಿಂದು ನಮಗೆ ಉಪಕಾರಮಾಡುತ್ತದೆ ಎಂದು ನಾನೇ ತರಗತಿಯಲ್ಲಿ ಬೋಧಿಸಿದ್ದೆನು. ಆ ಪಾಠವನ್ನು ಕೇಳಿದ್ದ ಹುಡುಗಿಯರೇ ಸುತ್ತಲೂ ನಿಂತಿದ್ದರು. ಬೇಲಿಯೇ ಎದ್ದು ಹೊಲವನ್ನು ಮೇಯಿತೆಂಬ ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಈ ಎರಡು ತಪ್ಪುಗಳಿಂದ ನಾನು ಕಲಿತದ್ದು ಇಷ್ಟೆ: ಬೇಲಿ ಹಾಕುವ ಮುಂಚೆ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿರಬೇಕು. ಬರುವವರು ಯಾರು? ನಾವು ಹಾಕುವ ಬೇಲಿಯು ಅವರನ್ನಲ್ಲದೆ ಇನ್ನು ಯಾರನ್ನು ತಡೆಯುವದು? ಇವೆರಡನ್ನೂ ಕೇಳದೆ ಹಾಕಿದ ಬೇಲಿಯು ನಿರಪರಾಧಿಯನ್ನು ದಂಡಿಸುವದು. ಕೆಳಗಿನ ಮಾತುಗಳೆಲ್ಲ ಈ ಎರಡು ಪ್ರಶ್ನೆಗಳ ವಿಸ್ತಾರವೇ.

೧. ಬರುವವರನ್ನು ಅರಿಯುವದು

ನಾವು ಮಾಡಿದಂತೆ ಹೊಯಿಗೆ ಹರಡಿ ಒಂದು ವಾರ ನೋಡಿರಿ. ನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳೂ ಉಗುರಿನ ಗುರುತೂ ಕಾಣುವವು. ಕಾಡುಬೆಕ್ಕಿನದು ನಾಲ್ಕೇ ಬೆರಳಾದರೂ ಅದು ಉಗುರುಗಳನ್ನು ಒಳಗೆಳೆದುಕೊಂಡು ನಡೆಯುವದರಿಂದ ಉಗುರಿನ ಗುರುತು ಬೀಳುವದಿಲ್ಲ. ಕಾಡುಹಂದಿಯದು ಸೀಳುಗೊರಸು, ಅದರ ಹಿಂದೆ ಎರಡು ಚಿಕ್ಕ ಗೊರಸುಗಳ ಗುರುತು ಮೂಡುವದು, ಸುತ್ತಲ ಮಣ್ಣು ಮೂತಿಯಿಂದ ಉತ್ತಂತೆ ಕಾಣುವದು. ಹಂದಿಗೆ ಮೀನಿನ ಆಸೆಗಿಂತ ಕೆಸರಿನಲ್ಲಿ ಹೊರಳುವ ಆಸೆಯೇ ಹೆಚ್ಚು. ಉಡವು ಬಂದರೆ ನಡುವೆ ಬಾಲ ಎಳೆದ ಗೆರೆಯೂ ಅದರ ಎರಡು ಪಕ್ಕಗಳಲ್ಲಿ ಉಗುರುಗಳ ಗೀರುಗಳೂ ಇರುವವು. ಹೊಯಿಗೆಯ ಮೇಲೆ ಯಾವ ನಾಲ್ಕು ಕಾಲಿನ ಗುರುತೂ ಇಲ್ಲದೆ ಮೀನು ಮಾತ್ರ ಮಾಯವಾಗುತ್ತಿದ್ದರೆ ಹಗಲಿನಲ್ಲಿ ಕಾವಲಿರಿ: ಬಕಪಕ್ಷಿಯು ದಡದಲ್ಲಿ ಕಲ್ಲಿನಂತೆ ನಿಂತಿರುವದನ್ನು, ಮಿಂಚುಳ್ಳಿಯು ಕೊಂಬೆಯಿಂದ ಬಾಣದಂತೆ ಎರಗುವದನ್ನು ಕಾಣುವಿರಿ.

ಇವುಗಳಲ್ಲಿ ಒಂದೊಂದರ ದಾರಿಯೂ ಬೇರೆ. ನೀರುನಾಯಿ ಬೇಲಿಯ ಬುಡವನ್ನು ತೋಡುವದು, ಹತ್ತಲೂ ಬಲ್ಲದು. ಹಂದಿಯು ಹತ್ತಲಾರದು, ಆದರೆ ಬುಡಕ್ಕೆ ಮೂತಿ ಹಾಕಿ ಎತ್ತಿಬಿಡುವದು. ಉಡವು ಗೋಡೆಯನ್ನೇ ಹತ್ತುವದು. ಹಕ್ಕಿಗೆ ಬೇಲಿಯೇ ಇಲ್ಲ. ಆದಕಾರಣ ಎಲ್ಲರಿಗೂ ಒಂದೇ ಬೇಲಿಯೆಂಬ ಮಾತು ಸಲ್ಲದು.

೨. ಬೇಲಿಯ ಬುಡ, ಮೈ, ತಲೆ, ಬಾಗಿಲು

ಕಡೆಗೆ ನಾವು ಹಾಕಿಸಿದ ಬೇಲಿಯನ್ನು ವಿವರಿಸುತ್ತೇನೆ. ಅದು ಕೊಳದ ಅಂಚಿನಿಂದ ನಾಲ್ಕಡಿ ದೂರದಲ್ಲಿದೆ. ಅಂಚಿಗೆ ತಾಗಿಸಿ ಹಾಕಿದರೆ ದಡವು ಮಳೆಗೆ ಕುಸಿದಾಗ ಕಂಬವೂ ಬೀಳುವದು; ಒಳಗಿನ ಕಳೆ ತೆಗೆಯಲಿಕ್ಕೂ ಸ್ಥಳವಿರುವದಿಲ್ಲ.

ಬುಡವೇ ಬೇಲಿಯ ಮುಖ್ಯ ಭಾಗ. ಸತುವಿನ ಲೇಪವುಳ್ಳ ಗಟ್ಟಿ ತಂತಿಯ ಜಾಲರಿಯನ್ನು ನೆಲದ ಮಟ್ಟಕ್ಕೆ ನಿಲ್ಲಿಸದೆ, ಕೆಳಗಿನ ಒಂದೂವರೆ ಅಡಿಯನ್ನು ಹೊರಗಡೆಗೆ ಮಡಚಿ, ಅರ್ಧ ಅಡಿ ಮಣ್ಣಿನೊಳಗೆ ಹೂಳಬೇಕು. ತೋಡುವ ಪ್ರಾಣಿಯು ಬೇಲಿಯ ಬುಡಕ್ಕೆ ಬಂದು ಅಲ್ಲಿಯೇ ಕೆದಕುವದಲ್ಲದೆ ಒಂದೂವರೆ ಅಡಿ ಹಿಂದೆ ಹೋಗಿ ತೋಡಬೇಕೆಂಬ ಯೋಚನೆ ಅದಕ್ಕೆ ಸಾಧಾರಣವಾಗಿ ಬಾರದು. ಕೆದಕಿದ ಕಡೆಯಲ್ಲೆಲ್ಲ ಉಗುರಿಗೆ ತಂತಿಯೇ ಸಿಕ್ಕುವದು. ನಮ್ಮ ಕರಾವಳಿಯಂತೆ ಮುರಕಲ್ಲಿನ ನೆಲವಾಗಿ ಅಗೆಯುವದು ಕಷ್ಟವಾದರೆ, ಮಡಚಿದ ಜಾಲರಿಯನ್ನು ನೆಲದ ಮೇಲೆಯೇ ಹಾಸಿ ಕಬ್ಬಿಣದ ಮೊಳೆಗಳಿಂದ ಬಿಗಿದು, ಅದರ ಮೇಲೆ ಭಾರವಾದ ಕಲ್ಲುಗಳನ್ನು ಇಡಬಹುದು. ಹಂದಿಗಳ ಕಾಟವಿರುವ ಮಲೆನಾಡಿನ ತೋಟಗಳಲ್ಲಿ ತಂತಿಯೊಂದೇ ಸಾಲದು; ಎರಡೂವರೆ ಅಡಿ ಎತ್ತರದ ಕಲ್ಲಿನ ಗೋಡೆಯನ್ನು ಕಟ್ಟಿ ಅದರ ಮೇಲೆ ಜಾಲರಿಯನ್ನು ನಿಲ್ಲಿಸುವದು ಒಳ್ಳೇದು. ಹಾಗೆ ಕಟ್ಟಿದಾಗ ಬುಡದಲ್ಲಿ ಅಲ್ಲಲ್ಲಿ ಎರಡಂಗುಲದ ಕಿಂಡಿಗಳನ್ನು ಬಿಡಲು ಮರೆಯಬಾರದು. ಕಾರಣವನ್ನು ಮುಂದೆ ಹೇಳುವೆನು.

ಬೇಲಿಯ ಮೈಯಲ್ಲಿ ಜಾಲರಿಯ ಕಣ್ಣು ಎರಡು ಅಂಗುಲಕ್ಕೆ ಮೀರಬಾರದು. ದೊಡ್ಡ ನೀರುನಾಯಿಯೂ ನಾಯಿಯೂ ಕಾಡುಬೆಕ್ಕೂ ಇದರಲ್ಲಿ ದಾಟಲಾರವು. ಕಪ್ಪೆ, ಅರಣೆ, ಸಾಧಾರಣ ಗಾತ್ರದ ಹಾವು ಇವು ಸುಖವಾಗಿ ದಾಟುವವು. ದಾಟಲಿ ಎಂಬದೇ ನಮ್ಮ ಉದ್ದೇಶ. ಕಪ್ಪೆಯು ಮೊದಲ ಮಳೆಗೆ ನೀರನ್ನು ಹುಡುಕಿ ಬಂದು ಮೊಟ್ಟೆಯಿಟ್ಟು, ಬಳಿಕ ತೋಟಕ್ಕೆ ಹಿಂದಿರುಗಿ ಕೀಟಗಳನ್ನು ತಿನ್ನುವ ಜೀವಿ. ಅದಕ್ಕೆ ದಾರಿಯನ್ನು ಮುಚ್ಚಿದರೆ ತೋಟಕ್ಕೇ ನಷ್ಟ. ಗಟ್ಟಿ ತಂತಿಯು ನೈಲಾನ್ ನೂಲಿನಂತೆ ಮೈಗೆ ಸುತ್ತಿಕೊಳ್ಳುವದಿಲ್ಲ. ಆದಕಾರಣ ಸಡಿಲವಾದ ನೂಲುಬಲೆಯನ್ನು ನೆಲಕ್ಕೆ ತಾಗುವಂತೆ ಎಂದಿಗೂ ಕಟ್ಟಬೇಡಿರಿ ಎಂಬದು ನನ್ನ ಖಂಡಿತವಾದ ವಿಜ್ಞಾಪನೆ.

ತಲೆಯ ಭಾಗದಲ್ಲಿ, ಐದಡಿ ಎತ್ತರದ ಮೇಲೆ ಜಾಲರಿಯನ್ನು ಇನ್ನೂ ಒಂದೂವರೆ ಅಡಿಯಷ್ಟು ಹೊರಗಡೆಗೆ ಓರೆಯಾಗಿ ಬಾಗಿಸಬೇಕು. ಹತ್ತಿಬಂದ ಪ್ರಾಣಿಗೆ ತಲೆಯ ಮೇಲೆ ಮಾಡು ಬಂದಂತಾಗಿ ಹಿಂದಕ್ಕೆ ಇಳಿಯುವದು. ಬೇಲಿಯ ಮೇಲಕ್ಕೆ ಚಾಚಿದ ಕೊಂಬೆಗಳನ್ನು ಕಡಿಯದಿದ್ದರೆ ಈ ಕೆಲಸವೆಲ್ಲ ವ್ಯರ್ಥ. ಮಂಗಗಳ ವಿಷಯದಲ್ಲಿ ಮಾತ್ರ ಸತ್ಯವನ್ನೇ ಹೇಳಬೇಕು: ಅವುಗಳನ್ನು ತಡೆಯುವ ತಂತಿಬೇಲಿಯನ್ನು ನಾನು ಕಂಡಿಲ್ಲ. ಊಟದ ಬುತ್ತಿಯ ಉಳಿಕೆಯನ್ನು ಕೊಳದ ಬಳಿ ಚೆಲ್ಲಬಾರದೆಂಬ ನಿಯಮದಿಂದ ಅವುಗಳ ಭೇಟಿಯು ಕಡಮೆಯಾಯಿತು.

ಬಾಗಿಲೇ ಬೇಲಿಯ ದುರ್ಬಲ ಸ್ಥಾನ. ಐದಡಿಯ ಬೇಲಿಗೆ ಕೆಳಗೆ ಆರಂಗುಲ ಸಂದು ಬಿಟ್ಟ ಬಾಗಿಲನ್ನು ಇಟ್ಟರೆ ಏನು ಪ್ರಯೋಜನ? ಬಾಗಿಲ ಅಡಿಯಲ್ಲಿ ಕಾಂಕ್ರೀಟಿನ ಹೊಸ್ತಿಲನ್ನು ಹಾಕಿಸಿ ಸಂದನ್ನು ಎರಡಂಗುಲದೊಳಗೆ ಇಡಬೇಕು.

೩. ಹಕ್ಕಿಗಳ ಪಾಲು

ಬಕಪಕ್ಷಿಯು ಹೆಚ್ಚಾಗಿ ದಡಕ್ಕೆ ಇಳಿದು ನಡೆದು ನೀರಿಗೆ ಬರುವದು. ನೀರಿನ ಅಂಚಿಗೆ ಸುತ್ತಲೂ ಚಿಕ್ಕ ಗೂಟಗಳನ್ನು ನೆಟ್ಟು ಅರ್ಧ ಅಡಿ ಮತ್ತು ಒಂದಡಿ ಎತ್ತರದಲ್ಲಿ ಎರಡು ಸಾಲು ದಪ್ಪ ಹುರಿಯನ್ನು ಬಿಗಿಯಾಗಿ ಎಳೆದರೆ ಅದರ ನಡಗೆಗೆ ತಡೆಯಾಗುವದು. ಮೀನುಗಳಿಗೆ ನೀರಿನೊಳಗೂ ಆಶ್ರಯ ಬೇಕು. ನಾವು ಒಡೆದ ಮಡಕೆಗಳನ್ನೂ ಮಣ್ಣಿನ ಕೊಳವೆಗಳನ್ನೂ ಆಳದಲ್ಲಿ ಇಟ್ಟು, ಕೊಳದ ಸುಮಾರು ಅರ್ಧಭಾಗವನ್ನು ನೈದಿಲೆಯ ಎಲೆ ಮುಚ್ಚುವಂತೆ ಬಿಟ್ಟೆವು. ಮಿಂಚುಳ್ಳಿಯು ಈಗಲೂ ಬರುತ್ತದೆ, ಒಂದೆರಡು ಮರಿಮೀನುಗಳನ್ನು ಒಯ್ಯುತ್ತದೆ. ಅದನ್ನು ಅದರ ಪಾಲೆಂದು ಬಿಟ್ಟಿದ್ದೇವೆ.

೪. ಮಕ್ಕಳ ರಕ್ಷಣೆ

ಮಾತಾಪಿತರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇನೆ. ಕೊಳದ ಬೇಲಿಯನ್ನು ಪ್ರಾಣಿಗಳಿಗಾಗಿ ಹಾಕಿಸುವ ನಾವು, ನೀರಿನಿಂದ ಹೆಚ್ಚಿನ ಅಪಾಯವು ನಮ್ಮ ಮಕ್ಕಳಿಗೇ ಎಂಬದನ್ನು ಮರೆಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೧ರಲ್ಲಿ ಲೋಕದಲ್ಲಿ ಸುಮಾರು ೩ ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಐದು ವರ್ಷದೊಳಗಿನ ಮಕ್ಕಳು. ಇಂಥ ಶಿಶುವಿಗೆ ಆಳವಾದ ನೀರು ಬೇಕೆಂದಿಲ್ಲ, ಒಂದಡಿ ನೀರೂ ಸಾಕು. ಅದು ಕೂಗುವದೂ ಇಲ್ಲ.

ಆಸ್ಟ್ರೇಲಿಯ ದೇಶದಲ್ಲಿ ಮನೆಯ ಈಜುಕೊಳಗಳ ಬೇಲಿಗೆ ಕಾಯಿದೆಯೇ ಇದೆ. ಬೇಲಿಯ ಎತ್ತರ ೧.೨ ಮೀಟರಿಗೆ, ಅಂದರೆ ಸುಮಾರು ನಾಲ್ಕಡಿಗೆ, ಕಡಮೆಯಿರಬಾರದು. ಸರಳುಗಳ ನಡುವಿನ ಸಂದು ೧೦ ಸೆಂಟಿಮೀಟರನ್ನು ಮೀರಬಾರದು. ಬಾಗಿಲು ನೀರಿನ ಕಡೆಗಲ್ಲ, ಹೊರಗಡೆಗೆ ತೆರೆಯಬೇಕು, ಕೈಬಿಟ್ಟೊಡನೆ ತಾನಾಗಿ ಮುಚ್ಚಿಕೊಂಡು ಅಗುಳಿ ಬೀಳಬೇಕು. ನಮ್ಮ ಬಾಗಿಲಿಗೂ ಇದೇ ಕ್ರಮವನ್ನು ಅನುಸರಿಸಿ, ಅಗುಳಿಯನ್ನು ಐದಡಿ ಎತ್ತರದಲ್ಲಿ ಇರಿಸಿದೆವು. ಬೇಲಿಯ ಹತ್ತಿರ ಕುರ್ಚಿ, ಪೆಟ್ಟಿಗೆ, ಹೂವಿನ ಕುಂಡ ಮೊದಲಾದ ಏರಲಿಕ್ಕೆ ಅನುಕೂಲವಾದ ವಸ್ತುಗಳನ್ನು ಇಡಬಾರದು.

ಬಯಲುಸೀಮೆಯಲ್ಲಿರುವ ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ಕರ್ನಾಟಕ ಸರಕಾರವು ೨೦೧೪ರಲ್ಲಿ ಆರಂಭಿಸಿದ ಕೃಷಿಭಾಗ್ಯ ಯೋಜನೆಯಿಂದ ಒಣಭೂಮಿಯಲ್ಲಿ ಅನೇಕ ಕೃಷಿಹೊಂಡಗಳು ಉಂಟಾದವು. ನೀರು ಇಂಗದಂತೆ ಅವುಗಳಿಗೆ ಹಾಸುವ ಪಾಲಿಥೀನ್ ಹಾಳೆಯು ಒದ್ದೆಯಾದರೆ ಸಾಬೂನಿನಂತೆ ಜಾರುವದು. ನೀರು ಕುಡಿಯಲು ಇಳಿದ ಕರುವಾಗಲಿ ನರಿಯಾಗಲಿ, ಚೆಂಡಿನ ಹಿಂದೆ ಓಡಿದ ಮಗುವಾಗಲಿ ಮೇಲೆ ಹತ್ತಲಾರದು. ಈಜು ಬಲ್ಲವರೂ ಸೋಲುವರು. ಅಂಥ ಹೊಂಡಕ್ಕೆ ಸುತ್ತಲೂ ಬೇಲಿಯಿದ್ದೇ ತೀರಬೇಕು. ಅದಲ್ಲದೆ ನಾಲ್ಕು ಮೂಲೆಗಳಲ್ಲಿ ಗಂಟುಗಳುಳ್ಳ ಹಗ್ಗವನ್ನು ನೀರಿನ ತನಕ ಇಳಿಬಿಟ್ಟು, ಒಂದು ಕಡೆಯಲ್ಲಿ ಒರಟಾದ ಗೋಣಿಯನ್ನೋ ಏಣಿಯನ್ನೋ ಇಳಿಜಾರಾಗಿ ಕಟ್ಟಿರಿ. ಬೇಲಿಯು ತಪ್ಪಿದಾಗ ಪ್ರಾಣವನ್ನು ಉಳಿಸುವದು ಇದೇ. ನಮ್ಮ ಕೊಳದಲ್ಲಿಯೂ ಒಂದು ಬದಿಯನ್ನು ಕಲ್ಲಿನ ಇಳಿಜಾರಾಗಿ ಮಾಡಿದ್ದೇವೆ. ಒಳಗೆ ಬಿದ್ದದ್ದು ಯಾವದೇ ಆಗಲಿ, ಹತ್ತಿಬರಬೇಕು.

೫. ಮಾಡಬಾರದ ಕಾರ್ಯಗಳು

ಸಿಟ್ಟಿನಲ್ಲಿ ಕೆಲವರು ಉರುಲನ್ನು ಒಡ್ಡುತ್ತಾರೆ, ವಿಷವನ್ನು ಇಡುತ್ತಾರೆ. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನೀರುನಾಯಿ, ಉಡ ಮೊದಲಾದವುಗಳನ್ನು ಹಿಡಿಯುವದೂ ಕೊಲ್ಲುವದೂ ಅಪರಾಧ. ಕಾಡುಹಂದಿಯನ್ನು ಕೂಡ ನಮ್ಮಿಷ್ಟದಂತೆ ಕೊಲ್ಲಲು ಅಧಿಕಾರವಿಲ್ಲ. ಕಾಟವು ಮೀರಿದರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ನಮ್ಮ ನಾಡಿನ ಹೊಳೆಗಳಲ್ಲಿರುವ ಎರಡು ಜಾತಿಯ ನೀರುನಾಯಿಗಳೂ ಲೋಕದಲ್ಲಿ ಕಡಮೆಯಾಗುತ್ತಿರುವ ಪ್ರಾಣಿಗಳ ಪಟ್ಟಿಗೆ ಸೇರಿವೆ. ಅವುಗಳಿಗಾಗಿಯೇ ೨೦೧೫ರಲ್ಲಿ ತುಂಗಭದ್ರಾ ನದಿಯ ೩೪ ಕಿಲೋಮೀಟರ್ ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ನಮ್ಮ ನಲುವತ್ತು ಮೀನುಗಳನ್ನು ತಿಂದ ಪ್ರಾಣಿಯ ಯೋಗ್ಯತೆ ಇಂಥದೆಂದು ಹುಡುಗಿಯರಿಗೆ ತಿಳಿಸಿದಾಗ ಅವರ ಸಿಟ್ಟು ಇಳಿದು, ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟಿತು.

ಮನೆಯ ವಿದ್ಯುತ್ತಿನ ತಂತಿಯನ್ನು ನೇರವಾಗಿ ಬೇಲಿಗೆ ಜೋಡಿಸುವ ಕ್ರೂರ ಪದ್ಧತಿಯು ಕೆಲವು ಕಡೆ ಉಂಟು. ಅದು ಕಾಯಿದೆಗೆ ವಿರುದ್ಧವಾದದ್ದು ಮಾತ್ರವಲ್ಲ. ಆನೆಗಳೂ ದನಗಳೂ, ಎಷ್ಟೋ ಸಾರಿ ಬೇಲಿ ಕಟ್ಟಿದ ಮನೆಯವರೇ ಅದಕ್ಕೆ ಬಲಿಯಾಗಿದ್ದಾರೆ. ಮಕ್ಕಳು ಓಡಾಡುವ ಸ್ಥಳದಲ್ಲಿ ಅದರ ಯೋಚನೆಯೂ ಕೂಡದು.

೬. ಬೇಲಿಯ ಆರೈಕೆ

ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ ಬೇಲಿಯನ್ನು ಹಾಕಿ ಮರೆತವನಿಗೆ ಬೇಲಿಯಿಲ್ಲ. ಮೊದಲ ಮಳೆಯಾದ ಮರುದಿನ ಸುತ್ತಲೂ ನಡೆದು, ನೀರು ಬುಡವನ್ನು ಕೊರೆದಿದೆಯೋ ನೋಡಬೇಕು. ಕೊರೆದ ಕಡೆಯಲ್ಲಿ ಕಲ್ಲು ತುಂಬಬೇಕು. ಬಳ್ಳಿಗಳು ಜಾಲರಿಯ ಮೇಲೆ ಹಬ್ಬಿದರೆ ನೋಟಕ್ಕೆ ಚೆನ್ನಾದರೂ ಗಾಳಿಗೆ ಭಾರವಾಗಿ ಕಂಬವನ್ನು ಬಾಗಿಸುವವು. ಹತ್ತುವ ಪ್ರಾಣಿಗೆ ಮೆಟ್ಟಲೂ ಆಗುವವು. ಕಂಬಕ್ಕೆ ಮರಕ್ಕಿಂತ ಕಲ್ಲು ಒಳ್ಳೇದು. ಅದಕ್ಕೆ ಗೆದ್ದಲಿಲ್ಲ, ತುಕ್ಕಿಲ್ಲ.

ಮನೆಯಲ್ಲಿ ಮಕ್ಕಳೊಡನೆ ಆಲೋಚಿಸತಕ್ಕ ಪ್ರಶ್ನೆಗಳು

ನಿಮ್ಮ ಹಿತ್ತಲಿನ ನೀರಿಗೆ ರಾತ್ರಿಯಲ್ಲಿ ಯಾರು ಯಾರು ಬರುತ್ತಾರೆ? ಅದನ್ನು ನೀವು ಕಂಡಿದ್ದೀರೋ, ಊಹಿಸಿದ್ದೀರೋ? ಅವರಲ್ಲಿ ಯಾರು ಬರಬಾರದು, ಯಾರು ಬರಲೇಬೇಕು? ಒಂದು ಮಗುವಾಗಲಿ ಕರುವಾಗಲಿ ಅದರಲ್ಲಿ ಬಿದ್ದರೆ ಮೇಲೆ ಹತ್ತಿಬರಲು ದಾರಿ ಎಲ್ಲಿದೆ?

ನಮ್ಮ ಹೊಸ ಬೇಲಿಗೆ ಈಗ ಐದು ವರ್ಷ ತುಂಬಿತು. ಮೀನುಗಳು ಮರಿಮಾಡಿವೆ. ಕಳೆದ ಮಳೆಗಾಲದಲ್ಲಿ ಕಪ್ಪೆಗಳ ಕೂಗಿನಿಂದ ಸಂಜೆಯ ತರಗತಿಗೆ ತೊಂದರೆಯಾಯಿತೆಂದು ಗಣಿತದ ಉಪಾಧ್ಯಾಯಿನಿಯವರು ನನ್ನಲ್ಲಿ ದೂರಿಕೊಂಡರು. ಬೇಲಿಯ ಹೊರಗೆ, ತೋಡಿನ ಕಡೆಗೆ, ಹೊಯಿಗೆಯ ಹಾಸೊಂದನ್ನು ಇಂದಿಗೂ ಇಟ್ಟಿದ್ದೇವೆ. ಏಳನೆಯ ತರಗತಿಯ ಒಬ್ಬ ಹುಡುಗಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮುಂಚೆ ಅದನ್ನು ನೋಡಿ, ಬಂದವರ ಹೆಸರನ್ನು ಪುಸ್ತಕದಲ್ಲಿ ಬರೆದು, ಹಲಗೆಯಿಂದ ಹೊಯಿಗೆಯನ್ನು ಪುನಃ ಸಮಮಾಡುತ್ತಾಳೆ. ನೀರುನಾಯಿಯ ಹೆಸರು ಈ ವರ್ಷ ಹನ್ನೊಂದು ಸಾರಿ ಬಂದಿದೆ. ಹಿತ್ತಲ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಕೇರಿಯ ಹುಡುಗರು ಹೋಗುತ್ತಾ ಬರುತ್ತಾ ನಿಂತು ಆ ಪುಸ್ತಕವನ್ನು ಓದುತ್ತಾರೆ. ನೀವೂ ಶಾಲೆಗೆ ಬಂದಾಗ ಮೆಟ್ಟಲಿಳಿದು ಬಂದು ಅದನ್ನು ನೋಡಿ ಹೋಗಬೇಕೆಂದು ಪ್ರೀತಿಯಿಂದ ಕೇಳಿಕೊಳ್ಳುತ್ತೇನೆ.